ಗೋಡೆಗೆ ನೇತುಹಾಕಿದ ಫಾರ್ಮಸಿಸ್ಟ್

ಪಿಯುಸಿ ಫಲಿತಾಂಶ ಬಂತೆಂದರೆ ಚನ್ನಗಿರಿಯಲ್ಲಿ ಎಲ್ಲರೂ ಸಲಹೆಗಾರರೇ. ನೀಟ್‌ನಲ್ಲಿ ಎಡವಿದ ಹುಡುಗನ ಅಪ್ಪನಿಗೆ ಅಡಿಕೆ ಮಂಡಿಯಲ್ಲೇ ತೀರ್ಪು ಸಿಗುತ್ತದೆ: "ಬಿ.ಫಾರ್ಮ್‌ಗೆ ಹಾಕ್ರಿ ಗೌಡ್ರೆ, ಆಮೇಲೆ ಫಾರ್ಮಕಾಲಜಿ ಮಾಸ್ಟರ್ಸ್ ಮಾಡ್ಲಿ. ಅದೂ ಡಾಕ್ಟ್ರು ಇದ್ದಂಗೇಯ."

ಆಮೇಲೆ ಹೋಲಿಕೆ ಶುರು. ಫೀಸು ಎಷ್ಟು, ಹಾಸ್ಟೆಲ್ ಊಟ ಹೆಂಗೆ, ಹೆಣ್ಣು ಕೊಡೋರು ಒಪ್ತಾರಾ. ಔಷಧದ ಮಾತು ಯಾರೂ ಎತ್ತುವುದಿಲ್ಲ.

ವಿಷಯ ಒಂದೇ, ಬಾಗಿಲು ಹಲವು. ಎಂಬಿಬಿಎಸ್ ಮುಗಿಸಿ ಮೂರು ವರ್ಷ ಓದಿದರೆ ಎಂ.ಡಿ. ಫಾರ್ಮಕಾಲಜಿ. ಮೆಡಿಕಲ್ ಕಾಲೇಜಿನಲ್ಲೇ ಮೂರು ವರ್ಷದ ಎಂ.ಎಸ್ಸಿ. ಇನ್ನೊಂದು. ಬಿ.ಫಾರ್ಮ್ ನಾಲ್ಕು ವರ್ಷ, ಎಂ.ಫಾರ್ಮ್ ಎರಡು, ಒಟ್ಟು ಆರು. ಅದೇ ಆರು ವರ್ಷ ಫಾರ್ಮ್.ಡಿ. ಓದಿದವನು ಹೆಸರಿನ ಹಿಂದೆ ಡಾಕ್ಟರ್ ಅಂಟಿಸಿಕೊಳ್ಳುತ್ತಾನೆ. ಇಂಗ್ಲೆಂಡಿನಲ್ಲಿ ನಾಲ್ಕೇ ವರ್ಷದ ಎಂಫಾರ್ಮ್ ಇದೆ, ಮಧ್ಯೆ ಬೇರೆ ಪದವಿ ಬೇಕಿಲ್ಲ. ಆದರೆ ಅಲ್ಲಿ ಬರೀ ಫಾರ್ಮಕಾಲಜಿ ಮಾಸ್ಟರ್ಸ್ ಮಾಡಿದವನು ಫಾರ್ಮಸಿಸ್ಟ್ ಆಗಲಾರ. ಈ ಸಣ್ಣ ಸಂಗತಿ ವಿದೇಶಕ್ಕೆ ಕಳಿಸುವ ಏಜೆಂಟನ ಬಾಯಲ್ಲಿ ಬರುವುದಿಲ್ಲ. ಅವನಿಗೆ ವೀಸಾ ಗೊತ್ತು, ಕಮಿಷನ್ ಗೊತ್ತು.

ಮೇಲಿನವರು ಇನ್ನೂ ಘಾಟಿಗಳು. ಮೆಡಿಕಲ್ ಕಾಲೇಜುಗಳಲ್ಲಿ ಎಂ.ಎಸ್ಸಿ. ಓದಿದವರು ಫಾರ್ಮಕಾಲಜಿ ಕಲಿಸಬಾರದೆಂದು 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಾಗಿಲು ಹಾಕಿತು. ಸೀಟು ಏರಿತು, ಮೇಷ್ಟ್ರು ಸಾಲಲಿಲ್ಲ. 2025ರಲ್ಲಿ ಅದೇ ಎಂ.ಎಸ್ಸಿ.ಗೆ ಪಿಎಚ್.ಡಿ. ಸೇರಿದರೆ ಬನ್ನಿ ಎಂದಿತು. ಐದು ವರ್ಷ ಅಯೋಗ್ಯರಾಗಿದ್ದವರು ಒಂದು ಅಧಿಸೂಚನೆಯಿಂದ ವಿದ್ವಾಂಸರಾದರು!

ಫಾರ್ಮಸಿ ಕೌನ್ಸಿಲ್ಲಿನದು ಬೇರೆ ನಾಟಕ. ಕಾಲೇಜುಗಳು ಸಿಕ್ಕಾಪಟ್ಟೆಯಾದವೆಂದು 2019ರಲ್ಲಿ ಹೊಸ ಕಾಲೇಜುಗಳಿಗೆ ಐದು ವರ್ಷದ ತಡೆ ಹಾಕಿತು. ಅಷ್ಟೊಂದು ಕಾಲೇಜಿಗೆ ಅನುಮತಿ ಕೊಟ್ಟವರು ಯಾರು? ಅವರೇ. ತಡೆಯನ್ನೂ ನೆಟ್ಟಗೆ ಹಾಕಲಿಲ್ಲ. ಹಾಸನದ ಕಾಲೇಜೊಂದರ ಹೆಸರಿನಲ್ಲಿ ನಡೆದ ಪ್ರಕರಣದಲ್ಲಿ, ಬರೀ ಆದೇಶದಿಂದ ಇದೆಲ್ಲ ಆಗುವುದಿಲ್ಲವೆಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಓದುವವನ ಪಾಡು? ಜಿಪ್ಯಾಟ್ ಪ್ರವೇಶ ಪರೀಕ್ಷೆ ಪಾಸಾಗಿ ಎಂ.ಫಾರ್ಮ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ಅಡಿಕೆ ಕೊನೆ ಇಳಿಸುವವನ ಮುಂದೆ ಈ ಮೊತ್ತ ಹೇಳಬೇಡಿ, ನಕ್ಕು ಮರದಿಂದ ಬಿದ್ದಾನು. ಎರಡು ವರ್ಷ ಇಲಿಗೆ ಔಷಧ ಚುಚ್ಚಿ ಪ್ರಬಂಧ ಬರೆದವನಿಗೆ ಬೆಂಗಳೂರಿನಲ್ಲಿ ಸಿಗುವುದು ಹೆಚ್ಚಾಗಿ ಔಷಧದ ಅಡ್ಡಪರಿಣಾಮಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ. ಅದೂ ರಾತ್ರಿ ಪಾಳಿ.

ಇತ್ತ ಊರಿನ ಔಷಧ ಅಂಗಡಿ ನೋಡಿ. ಹೊನ್ನಾಳಿಯೋ ನ್ಯಾಮತಿಯೋ ಜಗಳೂರೋ, ವ್ಯತ್ಯಾಸ ಹುಡುಕಬೇಡಿ. ನೋಂದಾಯಿತ ಫಾರ್ಮಸಿಸ್ಟ್ ಬಿಟ್ಟು ಬೇರೆಯವರು ಔಷಧ ಕೊಡುವಂತಿಲ್ಲ ಎನ್ನುತ್ತದೆ 1948ರ ಕಾನೂನು. ಎಷ್ಟೋ ಅಂಗಡಿಗಳಲ್ಲಿ ಫಾರ್ಮಸಿಸ್ಟ್ ಇದ್ದೇ ಇರುತ್ತಾನೆ, ಗೋಡೆಯ ಮೇಲೆ, ಗಾಜಿನ ಫ್ರೇಮಿನೊಳಗೆ. ಸರ್ಟಿಫಿಕೇಟಿಗೆ ಬಾಡಿಗೆ ಬರುತ್ತದೆ, ಮನುಷ್ಯ ಬರುವುದಿಲ್ಲ. ಕೌಂಟರಿನಲ್ಲಿ ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟ ಹುಡುಗ. "ಜ್ವರಾನಾ ಅಜ್ಜಿ? ಎರಡು ದಿನದ್ದು ಕೊಡ್ಲಾ?" ಎಂದು ಆ್ಯಂಟಿಬಯಾಟಿಕ್ ಕತ್ತರಿಸಿ ಕೊಡುತ್ತಾನೆ. ಅವನು ಯಾವ ಪ್ರವೇಶ ಪರೀಕ್ಷೆಯನ್ನೂ ಬರೆದಿಲ್ಲ. ಇಡೀ ತಾಲ್ಲೂಕಿನ ಫಾರ್ಮಕಾಲಜಿ ನಡೆಸುವವನು ಅವನೇ.

ಇನ್ನೊಂದು ತಮಾಷೆ ಇದೆ. ಫಾರ್ಮಕಾಲಜಿ ಓದುವವರ ಪಠ್ಯಪುಸ್ತಕದಲ್ಲೇ ಅರೆಕೋಲಿನ್ ಬರುತ್ತದೆ. ಅದು ನಮ್ಮ ಅಡಿಕೆಯ ಸತ್ವ, ನರಮಂಡಲದ ಮೇಲೆ ಕೆಲಸ ಮಾಡುವ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಇಲ್ಲಿ ಸಭೆ ಸೇರಿದರೆ ಎಲ್ಲ ಪಕ್ಷದವರೂ ಒಂದೇ ವೇದಿಕೆ ಹತ್ತಿ, ಅಡಿಕೆಗೆ ಕಳಂಕ ಹಚ್ಚಿದ್ದಾರೆ ಎಂದು ಎದೆ ಬಡಿದುಕೊಳ್ಳುತ್ತಾರೆ. ವಕೀಲ ಮಾತಾಡುತ್ತಾನೆ, ವರ್ತಕ ಮಾತಾಡುತ್ತಾನೆ, ಮಠದವರೂ ಆಶೀರ್ವದಿಸುತ್ತಾರೆ. ಫಾರ್ಮಕಾಲಜಿ ಓದಿದವನಿಗೆ ಮೈಕು ಕೊಡುವುದಿಲ್ಲ. ಕೊಟ್ಟರೂ ಅವನು ರೇಟು ಬಿದ್ದೀತೆಂದು ಬಾಯಿ ಮುಚ್ಚಿಕೊಂಡಾನು. ಅವನ ಆರು ವರ್ಷದ ಫೀಸು ಕಟ್ಟಿದ್ದು ಅಪ್ಪ ಮಾರಿದ ರಾಶಿ ಅಡಿಕೆ.