ಲಿಸ್ಟಣ್ಣ

ಭತ್ತ ಮಾರಿದ ದುಡ್ಡು ಖಾತೆಗೆ ಬಿದ್ದ ವಾರ, ಪಿಯುಸಿ ಫಲಿತಾಂಶ ಬಂದ ವಾರ, ಸರ್ಕಾರಿ ನೌಕರರಿಗೆ ಹಿಂಬಾಕಿ ಸಿಕ್ಕ ವಾರ, ಈ ಮೂರರಲ್ಲಿ ಯಾವುದಾದರೂ ಸರಿ, ಲಿಸ್ಟಣ್ಣನಿಗೆ ಪುರುಸೊತ್ತಿರುವುದಿಲ್ಲ. ಹುಡುಗನಿಗೊಂದು ಕಂಪ್ಯೂಟರ್ ಕೊಡಿಸೋಣ ಎಂಬ ಮಾತು ಅಡುಗೆಮನೆಯಲ್ಲಿ ಹುಟ್ಟಿದ್ದೇ ತಡ, ಅದು ಹೇಗೋ ಅವನ ಕಿವಿ ಮುಟ್ಟುತ್ತದೆ. ಸಂಜೆಯೊಳಗೆ ಅಂಗಳದಲ್ಲಿ ಬೈಕು ನಿಂತಿರುತ್ತದೆ. ಚಪ್ಪಲಿ ಬಿಡುವ ಮೊದಲೇ ಮಾತು ಶುರು: "ಕಾಕಾರ, ಲ್ಯಾಪ್‌ಟಾಪ್ ಗೀಪ್‌ಟಾಪ್ ತಗೊಂಡೀರಿ ಮತ್ತ! ನಾ ಒಂದು ಲಿಸ್ಟ್ ಮಾಡಿಕೊಡ್ತೀನಿ ನಿಲ್ರಿ."

ಅವನ ಅಸಲಿ ಹೆಸರು ಆಧಾರ್ ಕಾರ್ಡಿನಲ್ಲಿದೆ, ಊರಿಗೆ ಅದು ಬೇಕಾಗಿಲ್ಲ. ಇಂಥವರು ಊರೂರಿಗೂ ಇದ್ದಾರೆ: ಕೊಪ್ಪಳದಲ್ಲಿ ಒಬ್ಬ, ಕುಷ್ಟಗಿಯಲ್ಲಿ ಒಬ್ಬ, ಯಲಬುರ್ಗಾದಲ್ಲಿ ಒಬ್ಬ, ಗಂಗಾವತಿ ದೊಡ್ಡ ಊರಾದ್ದರಿಂದ ಅಲ್ಲಿ ಇಬ್ಬರು. ಗಂಗಾವತಿಯ ಇಬ್ಬರಿಗೆ ಮಾತಿಲ್ಲ. ಪ್ರೊಸೆಸರಿನ ವಿಷಯದಲ್ಲಿ ಒಬ್ಬ ಎಎಂಡಿಗೆ ನಡೆದುಕೊಳ್ಳುತ್ತಾನೆ, ಇನ್ನೊಬ್ಬ ಇಂಟೆಲ್‌ಗೆ. 2017ರಲ್ಲಿ ಕೊಂಡ ಬೋರ್ಡಿಗೆ ಬಯಾಸ್ ಅಪ್‌ಡೇಟ್ ಮಾಡಿ 2022ರ ಎಎಂಡಿ ರೈಜನ್ ಕೂಡಿಸಬಹುದು ಎಂದು ಒಬ್ಬ ಹೇಳಿದ. "ಐದು ವರ್ಷ ಅದೇ ಬೋರ್ಡ್ ಇಟ್ಕೊಳ್ಳೋನು ಜಿಪುಣ" ಎಂದು ಇನ್ನೊಬ್ಬ ಅಂದ. ಅಂದಿನಿಂದ ಎದುರಾದರೆ ರಸ್ತೆ ದಾಟಿಕೊಂಡು ಹೋಗುತ್ತಾರೆ.

ಹಗಲು ಹೊತ್ತು ಗೊಬ್ಬರದಂಗಡಿಯಲ್ಲಿ ಬಿಲ್ಲು ಬರೆಯುವುದೋ, ಝೆರಾಕ್ಸ್ ಅಂಗಡಿಯಲ್ಲಿ ಪಹಣಿ ತೆಗೆದುಕೊಡುವುದೋ ಅವನ ಉದ್ಯೋಗ. ರಾತ್ರಿ ಪ್ರೊಸೆಸರುಗಳ ಅಂಕಪಟ್ಟಿ ಓದುತ್ತಾನೆ. ಸ್ವಂತ ತಂಗಿಯ ಹತ್ತನೆಯ ಅಂಕ ಕೇಳಿದರೆ ತಡವರಿಸುತ್ತಾನೆ; ರೈಜನ್ 5600 ಚಿಪ್ಪಿಗೆ ಎಷ್ಟು ಕೋರು, ಎಷ್ಟು ಥ್ರೆಡ್ಡು, ಎಷ್ಟು ವ್ಯಾಟು ಎಂದರೆ ಆರು, ಹನ್ನೆರಡು, ಅರವತ್ತೈದು ಎಂದು ನಿದ್ದೆಗಣ್ಣಲ್ಲೂ ಹೇಳುತ್ತಾನೆ.

ಅವನ ಸಂದರ್ಶನವನ್ನು ಹತ್ತಿರ ಕೂತು ನೋಡಬೇಕು. ಮಂಡಕ್ಕಿ, ಮಿರ್ಚಿ ಮುಂದಿಟ್ಟ ಮೇಲೆ ಕಿಸೆಯಿಂದ ಪೆನ್ನು ತೆಗೆಯುತ್ತಾನೆ.

"ಬಜೆಟ್ ಎಷ್ಟ್ರೀ?"

"ನಲವತ್ತು ಸಾವಿರ."

"ಯಾತಕ್ಕ?"

"ಕೋಡಿಂಗ್ ಅಂತ, ಓದಾಕ."

ಲಿಸ್ಟಣ್ಣ ಹುಡುಗನ ಕಡೆ ತಿರುಗಿ ದನಿ ತಗ್ಗಿಸುತ್ತಾನೆ: "ಯಾವ ಗೇಮಲೇ?" ಹುಡುಗ ಅಪ್ಪನಿಗೆ ಕೇಳದಂತೆ ತುಟಿ ಅಲ್ಲಾಡಿಸುತ್ತಾನೆ: "ಜಿಟಿಎ." ಈ ಉತ್ತರ ಬದಲಾದದ್ದನ್ನು ನಾನು ಕಾಣೆ. ಲಿಸ್ಟಣ್ಣನ ಓರಗೆಯವರು ಇದೇ ಜಿಟಿಎ ಸರಣಿಯ ವೈಸ್ ಸಿಟಿ ಆಡಿದ್ದು ಬಸ್‌ಸ್ಟ್ಯಾಂಡ್ ಹಿಂದಿನ ಸೈಬರ್ ಸೆಂಟರಿನಲ್ಲಿ, ಗಂಟೆಯ ಲೆಕ್ಕದಲ್ಲಿ. ಈಗಿನ ಹುಡುಗರ ಕಥೆ ಬೇರೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಎಪಿಕ್ ಕಂಪನಿ ಜಿಟಿಎ 5 ಆಟವನ್ನು ಒಂದು ವಾರ ಪುಕ್ಕಟೆ ಹಂಚಿತು. ಮನೆಯಲ್ಲಿ ಕಂಪ್ಯೂಟರೇ ಇಲ್ಲದ ಹುಡುಗರು ಅಪ್ಪನ ಮೊಬೈಲಿನಲ್ಲಿ ಖಾತೆ ತೆರೆದು ಆಟವನ್ನು ತಮ್ಮ ಹೆಸರಿಗೆ ಮಾಡಿಕೊಂಡರು. ಆಟ ಅಂದಿನಿಂದ ಅವರದೇ. ಅದನ್ನು ಓಡಿಸುವ ಯಂತ್ರ ಮಾತ್ರ ಬರಬೇಕಿದೆ.

ಮೊದಲ ಲಿಸ್ಟು ನಲವತ್ತರೊಳಗೇ ಇರುತ್ತದೆ. ರೈಜನ್ 5 5600ಜಿ. ಗ್ರಾಫಿಕ್ಸ್ ಪ್ರೊಸೆಸರಿನ ಹೊಟ್ಟೆಯಲ್ಲೇ ಇರುವುದರಿಂದ ಕಾರ್ಡಿನ ಖರ್ಚಿಲ್ಲ. ವ್ಯಾಲೊರಂಟ್ ಸಲೀಸಾಗಿ ಓಡುತ್ತದೆ, ಸೆಟ್ಟಿಂಗ್ ಇಳಿಸಿಕೊಂಡರೆ ಜಿಟಿಎ 5 ಓಡುತ್ತದೆ, ಕಾಕಾರ ಟ್ಯಾಲಿಯೂ ಓಡುತ್ತದೆ. ಇಲ್ಲಿಗೇ ನಿಲ್ಲಿಸಿದ್ದರೆ ಎಲ್ಲರೂ ಊಟಕ್ಕೆ ಏಳಬಹುದಿತ್ತು. ಆದರೆ ಪೆನ್ನಿಗೆ ಮುಚ್ಚಳ ಹಾಕುವ ಅಭ್ಯಾಸ ಅವನಿಗಿಲ್ಲ.

"ಕಾಕಾರ, ಒಂದು ಮಾತು. ಈ ಜಿ ಬದಲಿ ಬರೇ 5600 ತಗೊಂಡ್ರ ಕ್ಯಾಶ್ ಎರಡು ಪಟ್ಟು ಆಕ್ಕೈತಿ."

ಕ್ಯಾಶ್ ಎಂದದ್ದೇ ಕಾಕಾ ಅಂಗಿ ಕಿಸೆ ಮುಟ್ಟಿ ನೋಡಿಕೊಂಡರು. ಪ್ರೊಸೆಸರಿನೊಳಗಿನ ಕ್ಯಾಶ್ ಹದಿನಾರು ಎಂಬಿಯಿಂದ ಮೂವತ್ತೆರಡು ಎಂಬಿ ಆಗುತ್ತದೆ ಎಂದು ಅವನು ಬಿಡಿಸಿ ಹೇಳಿದ ಮೇಲೂ ಕೈ ಕಿಸೆಯ ಮೇಲೇ ಇತ್ತು. ಅವರ ಅನುಮಾನ ಸರಿಯಾಗಿಯೇ ಇತ್ತು. ಬರೇ 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಆದ್ದರಿಂದ ಕಾರ್ಡು ಬೇಕು. ಕಾರ್ಡು ಹಾಕುವುದೇ ಆದರೆ ನಾಲ್ಕು ಜಿಬಿಯ 1650 ಯಾಕೆ, ಎಂಟು ಜಿಬಿಯ ಆರ್‌ಎಕ್ಸ್ 6600 ಇರಲಿ. ಆ ಕಾರ್ಡು ಬಂದರೆ ಎಸ್‌ಎಂಪಿಎಸ್ ಎಂಬ ಕರೆಂಟಿನ ಡಬ್ಬಿ 550 ವ್ಯಾಟಿನದಾಗಬೇಕು. ಇಷ್ಟೆಲ್ಲ ಹಾಕಿ 60 ಹರ್ಟ್ಸ್ ಮಾನಿಟರ್ ಇಟ್ಟರೆ ಕಾರ್ಡಿಗೆ ಅನ್ಯಾಯ, 144 ಇರಲಿ. ಪ್ರತಿ ಮೆಟ್ಟಿಲಿಗೂ ಒಂದೇ ಮಂತ್ರ: "ಇನ್ನೊಂದೆರಡು ಸಾವಿರ ಅಷ್ಟ ರೀ." ಎರಡು ಸಾವಿರ ಎಂದು ಶುರುವಾಗುವ ಮೆಟ್ಟಿಲು ಯಾವುದೂ ಎರಡು ಸಾವಿರಕ್ಕೆ ಮುಗಿದದ್ದಿಲ್ಲ. ಮಿರ್ಚಿ ಖಾಲಿಯಾಗುವಷ್ಟರಲ್ಲಿ ಲೆಕ್ಕ ಎಪ್ಪತ್ತರ ಹತ್ತಿರ ಬಂದಿರುತ್ತದೆ, ಕೀಬೋರ್ಡು ಮೌಸು ಬಿಟ್ಟು.

ಕಾಕಾ ಎದ್ದು ನಿಂತಾಗ ಲಿಸ್ಟಣ್ಣ ಉಳಿತಾಯದ ಹಾದಿ ತೋರಿಸುತ್ತಾನೆ. "ಹಂಗಾರ ಸೆಕೆಂಡ್ಸ್ ಕಾರ್ಡ್ ನೋಡೂಣ್ರಿ. ಆರ್‌ಎಕ್ಸ್ 580, ಅಗ್ಗಕ್ಕ ಸಿಗ್ತೈತಿ. ಮೈನಿಂಗ್ ಮಾಡಿದ ಮಾಲು."

"ಮೈನಿಂಗಾ?" ಕಾಕಾ ಮತ್ತೆ ಕೂತರು. ತುಂಗಭದ್ರಾ ಅಣೆಕಟ್ಟಿನ ಆಚೆ ದಂಡೆ ಹೊಸಪೇಟೆ, ಅದರಾಚೆ ಸಂಡೂರು. ಕೆಂಪು ಧೂಳೆಬ್ಬಿಸುತ್ತ ಹೋದ ಅದಿರಿನ ಲಾರಿಗಳನ್ನೂ, 2011ರ ಲೋಕಾಯುಕ್ತ ಗಣಿ ವರದಿಯನ್ನೂ ಕಂಡವರು ಅವರು. "ಬ್ಯಾಡ ತಮ್ಮಾ. ಹುಡುಗನ ಹೆಸರಿಗೆ ಕೇಸು ಗೀಸು ಆದೀತು."

ಇದು ಬಿಟ್‌ಕಾಯಿನ್ ಜಾತಿಯ ಈಥೀರಿಯಂ ನಾಣ್ಯದ ಗಣಿ, 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯ ತನ್ನ ಪದ್ಧತಿ ಬದಲಿಸಿದ ಮೇಲೆ ಕಾರ್ಡುಗಳಿಗೆ ಕೆಲಸವಿಲ್ಲದೆ ರಾಶಿ ರಾಶಿ ಮಾರಾಟಕ್ಕೆ ಬಂದವು ಎಂದು ಅವನು ವಿವರಿಸಿದ. ಹಗಲು ರಾತ್ರಿ ದುಡಿದ ಕಾರ್ಡು ಅದು, ಫ್ಯಾನು ಸವೆದಿರುತ್ತದೆ, ವಾರಂಟಿ ಇರುವುದಿಲ್ಲ. ಅದನ್ನೂ ಅವನೇ ಹೇಳಿದ, ಸುಳ್ಳು ಹೇಳಿ ಗೊತ್ತಿಲ್ಲ ಪಾಪ. ಕಾಕಾ ಕೇಳಿಸಿಕೊಂಡಿದ್ದು 'ಗಣಿ' ಮತ್ತು 'ರಾಶಿ' ಎರಡೇ. ಆರ್‌ಎಕ್ಸ್ 580 ಲಿಸ್ಟಿನಿಂದ ಹೋಯಿತು.

ಅವನ ಅಜ್ಜನನ್ನು ನಾನು ಕಂಡಿಲ್ಲ, ಆದರೆ ಎಂಥವನಿರಬೇಕೆಂದು ಬಲ್ಲೆ. ಎತ್ತು ಕೊಳ್ಳಲು ಸಂತೆಗೆ ಹೋಗುವವರು ಜೊತೆಗೊಬ್ಬನನ್ನು ಕರೆದೊಯ್ಯುತ್ತಿದ್ದರಲ್ಲ, ತುಟಿ ಎತ್ತಿ ಹಲ್ಲು ಎಣಿಸಿ ವಯಸ್ಸು ಹೇಳುವವನು, ಆ ವಂಶದ ಕುಡಿ ಇವನು. ಸಾಕ್ಷಿ ಬೇಕೆ? ಅಂಗಡಿಗಳ ಮುಂದೆ "ಐ5 ಗೇಮಿಂಗ್ ಪಿಸಿ, 16 ಜಿಬಿ, ಹದಿನೈದೇ ಸಾವಿರ" ಎಂಬ ಬೋರ್ಡು ಕಂಡರೆ ನೇರ ಒಳಗೆ ಹೋಗಿ ಒಂದೇ ಪ್ರಶ್ನೆ ಕೇಳುತ್ತಾನೆ: "ಎಷ್ಟನೇ ಜನರೇಶನ್ನು?" ಅಂಗಡಿಯವ ಬಣ್ಣದ ದೀಪದ ಫ್ಯಾನು ತೋರಿಸುತ್ತಾನೆ. ಇವನು ಮತ್ತೆ ಕೇಳುತ್ತಾನೆ. ಕೊನೆಗೆ ಮೂರನೆಯದು ಎಂದು ಹೊರಬೀಳುತ್ತದೆ. ಅಂದರೆ 2012ರದು, ಯಾವುದೋ ಆಫೀಸಿನಲ್ಲಿ ದುಡಿದು ಬಂದದ್ದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು, ವಿಂಡೋಸ್ 11 ಎಂಟನೇ ಜನರೇಶನ್ನಿಗಿಂತ ಹಳೆಯ ಇಂಟೆಲ್ ಚಿಪ್ಪನ್ನು, ಕೆಲವನ್ನು ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ. ಕೋಡಿಗೆ ಬಣ್ಣ ಬಳಿದ ಮುದಿ ಎತ್ತು ಅದು ಎಂದು ಮುಖದ ಮೇಲೇ ಹೇಳಿ ಬರುತ್ತಾನೆ. ಈ ಕಾರಣಕ್ಕೆ ಊರಿನ ಎರಡು ಅಂಗಡಿಗಳಲ್ಲಿ ಅವನಿಗೆ ನೀರೂ ಕೊಡುವುದಿಲ್ಲ.

ರ‍್ಯಾಮಿನ ವಿಷಯದಲ್ಲೂ ಅಜ್ಜನ ಬುದ್ಧಿಯೇ. ಹದಿನಾರು ಜಿಬಿಯ ಒಂದು ಕಡ್ಡಿ ಕೊಳ್ಳಲು ಬಿಡುವುದಿಲ್ಲ, ಎಂಟೆಂಟರ ಎರಡು. ಜೋಡಿ ಕಟ್ಟಿದರೆ ಮಾತ್ರ ನೇಗಿಲು ನೆಟ್ಟಗೆ ಹೋಗುತ್ತದೆ.

ಅವನನ್ನು ನೋಡಿ ಎಷ್ಟು ನಕ್ಕರೂ ಒಂದು ಕಡೆ ನಾನು ಟೋಪಿ ತೆಗೆಯುತ್ತೇನೆ, ಅದು ಕರೆಂಟು ಮತ್ತು ಧೂಳಿನ ವಿಷಯ. ಬೆಂಗಳೂರಿನ ಪಂಡಿತರ ಲಿಸ್ಟಿನಲ್ಲಿ ಇವೆರಡಕ್ಕೆ ಜಾಗವಿಲ್ಲ. ಗಂಗಾವತಿಯಲ್ಲಿ ರೈಸ್ ಮಿಲ್ಲಿನ ಹೊಟ್ಟಿನ ಬೂದಿ ಮಾಳಿಗೆ ಮೇಲೆ ಬೀಳುತ್ತದೆ. ಕೊಪ್ಪಳದಲ್ಲಿ ಗಿಣಿಗೇರಿ ಕಡೆಯ ಕಾರ್ಖಾನೆಗಳ ಕರಿ ಧೂಳು, ಯಲಬುರ್ಗಾದ ಬೇಸಿಗೆಯಲ್ಲಿ ಎರೆಹೊಲದ ಮಣ್ಣು. ಏಪ್ರಿಲಿನಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಕೋಣೆಯೇ ಅಷ್ಟಿದ್ದರೆ ಚಿಪ್ಪು ತಣ್ಣಗಾಗುವುದೆಲ್ಲಿಂದ? ಕಾವು ಮಿತಿ ಮೀರಿದರೆ ಪ್ರೊಸೆಸರು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಹುಡುಗ ಕಂಪನಿಯವರನ್ನು ಬೈಯುತ್ತ ಕೂರುತ್ತಾನೆ. ಅದಕ್ಕೇ ಲಿಸ್ಟಣ್ಣ ಮುಂದೆ ಗಾಜಿರುವ ಕ್ಯಾಬಿನೆಟ್ ಬೇಡವೆನ್ನುತ್ತಾನೆ. ಮುಂದೆ ಜಾಲರಿ ಬೇಕು, ಜಾಲರಿಯ ಹಿಂದೆ ಬಿಚ್ಚಿ ತೊಳೆಯುವ ಫಿಲ್ಟರ್ ಬೇಕು, ತಿಂಗಳಿಗೊಮ್ಮೆ ತೊಳೆಯಬೇಕು. ಜೆಸ್ಕಾಂ ಕರೆಂಟಿನ ಏರಿಳಿತವನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಹಾಕಿಸಿದ ಮನೆಗೆ ಅವನು ಮತ್ತೆ ಕಾಲಿಡುವುದಿಲ್ಲ. "ಅದು ಸುಡೋದು ಒಂದ ಅಲ್ರಿ, ಬೋರ್ಡು ಕಾರ್ಡು ಎಲ್ಲಾ ಕರಕೊಂಡು ಹೊಕ್ಕೈತಿ" ಎನ್ನುವಾಗ ಅವನ ದನಿಯಲ್ಲಿ ನಿಜವಾದ ದುಃಖವಿರುತ್ತದೆ. ಬಣ್ಣದ ದೀಪಕ್ಕೆ ಹಟ ಹಿಡಿದ ಹುಡುಗನಿಗೆ ಬುದ್ಧಿ ಹೇಳಿ, ಆ ದುಡ್ಡನ್ನು 80 ಪ್ಲಸ್ ಬ್ರಾಂಜ್ ಮುದ್ರೆಯ ಎಸ್‌ಎಂಪಿಎಸ್‌ಗೆ ಹಾಕಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹುಡುಗ ಎರಡು ದಿನ ಊಟ ಬಿಟ್ಟ.

ಖರೀದಿ ಆನ್‌ಲೈನಿನಲ್ಲಿ ಆದರೆ ಅವನಿಗೆ ರುಚಿಯಿಲ್ಲ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಎಸ್‌.ಪಿ. ರಸ್ತೆಗೇ ಹೋಗಬೇಕು. ಟಿಕೆಟ್ಟು, ಎರಡು ಹೊತ್ತಿನ ಊಟ ಕೊಟ್ಟರೆ ಸಾಕು, ಬೇರೆ ಪೈಸೆ ಮುಟ್ಟುವುದಿಲ್ಲ. ಅಂಗಡಿಯವನು "ಬಿಲ್ ಇಲ್ದೇ ತಗೊಳ್ಳಿ, ಕಮ್ಮಿ ಮಾಡ್ತೀನಿ" ಎಂದಾಗ ಕಾಕಾರ ಕಣ್ಣು ಅರಳಿತು. ಲಿಸ್ಟಣ್ಣ ಅವರ ಮೊಳಕೈ ಹಿಡಿದು ಹೊರಗೆ ಕರೆತಂದ: ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತದೆ, ವಾರಂಟಿ ಹೋಗುತ್ತದೆ. ಬಿಲ್ಲು ಹಾಕಿಸಿದರು. ವಾಪಸು ಬರುವಾಗ ಕಾರ್ಡಿನ ಡಬ್ಬಿ ಬರ್ತಿನಲ್ಲಿ ಮಲಗಿತು, ಕಾಕಾ ಕೂತರು.

ಜೋಡಿಸುವ ದಿನ ಓಣಿಯೇ ಮನೆಯಲ್ಲಿತ್ತು. ಎಲ್ಲ ಆಗಿ ಸ್ವಿಚ್ ಒತ್ತಿದರೆ ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಲಿಸ್ಟಣ್ಣ ರ‍್ಯಾಮು ಬಿಚ್ಚಿದ, ಒರೆಸಿದ, ಹಾಕಿದ, ಮತ್ತೆ ಬಿಚ್ಚಿದ. ಕುತ್ತಿಗೆಯಿಂದ ಬೆವರು ಇಳಿಯಿತು. ಅರ್ಧ ಗಂಟೆ ಆದ ಮೇಲೆ, ಅಜ್ಜಿಗೆ ಚಹಾ ಕೊಡಲು ಬಂದ ಹುಡುಗನ ತಂಗಿ ಹಿಂದೆ ಬಗ್ಗಿ ನೋಡಿ, "ಮಾಮಾ, ಈ ವೈರ್ ಮ್ಯಾಲಿನ ಕಿಂಡಿಗೆ ಹಾಕೀರಿ, ಕಾರ್ಡ್ ಕೆಳಗೈತಲ್ರಿ" ಎಂದಳು. ಮಾನಿಟರಿನ ಕೇಬಲ್ಲು ಬೋರ್ಡಿಗೆ ಸಿಕ್ಕಿಸಿತ್ತು. ಗ್ರಾಫಿಕ್ಸ್ ಇಲ್ಲದ 5600ಕ್ಕೆ ಅಲ್ಲಿಂದ ಚಿತ್ರ ಬರುವುದಾದರೂ ಹೇಗೆ? ಲಿಸ್ಟಣ್ಣ ಮುಖದ ಮೇಲೆ ಗೆರೆ ಅಲ್ಲಾಡಿಸದೆ, "ನಿಮಗ ಗೊತ್ತಾಗ್ತೈತೋ ಇಲ್ಲೋ ಅಂತ ಟೆಸ್ಟ್ ಮಾಡಿದೆ" ಎಂದ. ಪರದೆ ಬೆಳಗಿತು. ನೂರು ಜಿಬಿಯ ಆಟ ಇಳಿಯಲು ಹಾಕಿದ ಹೊತ್ತಿಗೆ ಪಕ್ಕದ ಮನೆಯವರು ಪಹಣಿ ತೆಗೆಸಲು ಸರ್ವೆ ನಂಬರು ಹಿಡಿದು ಬಂದಿದ್ದರು.

ಈಚೆಗೆ ಅವನ ಕೀರ್ತಿಗೆ ಸ್ವಲ್ಪ ಕುಂದು ಬಂದಿದೆ. 2025ರ ಬೇಸಿಗೆಯಲ್ಲಿ ಕೇಳಲು ಬಂದವರಿಗೆಲ್ಲ, "ಈಗ ಬ್ಯಾಡ್ರಿ, ದಸರಾಕ್ಕ ರೇಟ್ ಇಳಿತೈತಿ" ಎಂದಿದ್ದ. ದಸರಾ ಕಳೆಯುತ್ತಿದ್ದಂತೆ ರ‍್ಯಾಮಿನ ಬೆಲೆ ಎರಡು ಪಟ್ಟು ದಾಟಿ ಮೇಲೆ ಹೋಯಿತು. ಎಐ ಕಂಪನಿಗಳ ಡೇಟಾ ಸೆಂಟರುಗಳು ಲೋಕದ ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಳ್ಳುತ್ತಿವೆ. ಕ್ರೂಶಿಯಲ್ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪನಿ ಡಿಸೆಂಬರಿನಲ್ಲಿ ಆ ಬ್ರಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ಭತ್ತದ ದಲ್ಲಾಳಿಗಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. "ದೊಡ್ಡ ಪಾರ್ಟಿ ಸ್ಟಾಕ್ ಎತ್ತೈತಿ" ಎಂದು ಅವರೇ ಅವನಿಗೆ ಸಮಾಧಾನ ಹೇಳಿದರು. ಕಾದು ಕೂತ ಹುಡುಗರು ಮಾತ್ರ ಅವನ ಬೈಕಿನ ಸದ್ದು ಕೇಳಿದರೆ ಹಲ್ಲು ಕಡಿಯುತ್ತಾರೆ.

ಆದರೂ ನಿಮ್ಮೂರಲ್ಲಿ ಲಿಸ್ಟಣ್ಣನಿದ್ದರೆ ಕರೆಯಿರಿ, ಬಿಡಬೇಡಿ. ಎಸ್‌ಎಂಪಿಎಸ್ ವಿಷಯದಲ್ಲಿ ಅವನು ಹೇಳಿದಂತೆ ಕೇಳಿ, ಯುಪಿಎಸ್‌ಗೆ ಬೇರೆ ದುಡ್ಡು ತೆಗೆದಿಡಿ, "ದಸರಾಕ್ಕ" ಎಂದರೆ ಕಿವಿ ಮುಚ್ಚಿಕೊಳ್ಳಿ. ಕಿಸೆಯಲ್ಲಿ ಅರವತ್ತು ಸಾವಿರ ಇದ್ದರೆ ಅವನ ಮುಂದೆ ನಲವತ್ತು ಎನ್ನಿ.