ಭಾವ ಅಕ್ಕನಿಗೆ ಸೈಕಲ್ ಕೊಡಿಸಿದ್ದು

ನಮ್ಮ ಭಾವನಿಗೆ ಸೀರೆ ಅಂಗಡಿ ಅಂದರೆ ಹದಿನೈದು ನಿಮಿಷದ ಕೆಲಸ. ಚಿಕ್ಕಪೇಟೆಯಲ್ಲಿ ಅಕ್ಕ ಮೂರನೇ ಸೀರೆ ಬಿಚ್ಚಿಸುವ ಹೊತ್ತಿಗೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ಫೋನಿನಿಂದ ತಲೆ ಎತ್ತದೆ, "ಎಲ್ಲ ಒಂದೇ ಥರ ಇದೆಯಲ್ಲ, ಯಾವುದಾದ್ರೂ ತಗೊಂಡುಬಿಡು" ಅನ್ನುತ್ತಾರೆ. ಅದೇ ಭಾವ ಅಕ್ಕನಿಗೆ ಒಂದು ಸೈಕಲ್ ಕೊಡಿಸೋಕೆ ಏಳು ಶನಿವಾರ ತೆಗೆದುಕೊಂಡರು. ಏಳರಲ್ಲಿ ಐದಕ್ಕೆ ನಾನೂ ಹೋಗಿದ್ದೆ, ಕಾರು ನನ್ನದು.

ಇಂಥ ಭಾವಂದಿರು ಜೆ.ಪಿ. ನಗರದಿಂದ ಕನಕಪುರ ರಸ್ತೆಯ ಉದ್ದಕ್ಕೂ ಅಪಾರ್ಟ್‌ಮೆಂಟಿಗೆ ಇಬ್ಬರಂತೆ ಸಿಗುತ್ತಾರೆ. ವಯಸ್ಸು ನಲವತ್ತು ದಾಟಿರುತ್ತದೆ. ಕೊಲೆಸ್ಟ್ರಾಲ್ ರಿಪೋರ್ಟು ನೋಡಿ ಡಾಕ್ಟರು ಒಂದು ಸಲ ಹುಬ್ಬೇರಿಸಿರುತ್ತಾರೆ. "ದಿನಾ ಸ್ವಲ್ಪ ನಡೀರಿ" ಅಂದದ್ದನ್ನು ಇವರು ಸೈಕಲ್ ಕೊಳ್ಳಿ ಅಂತ ಕೇಳಿಸಿಕೊಂಡಿರುತ್ತಾರೆ. ಭಾನುವಾರ ಬೆಳಗಿನ ನಾಲ್ಕಕ್ಕೆ ಎದ್ದು, ಮಿಕ್ಸಿಯಲ್ಲಿ ಏನೋ ಗರಗರ ತಿರುವಿ ಮನೆಯವರನ್ನೆಲ್ಲ ಎಬ್ಬಿಸಿ, ನಂದಿ ಬೆಟ್ಟಕ್ಕೆ ಹೊರಡುತ್ತಾರೆ. ಬೆಟ್ಟದ 1478 ಮೀಟರ್ ಎತ್ತರವನ್ನು ತಾವೇ ಕಲ್ಲು ಹೊತ್ತು ಪೇರಿಸಿದವರ ಹಾಗೆ ಹೇಳುತ್ತಾರೆ. ಹೋಗಿ ಬಂದದ್ದು ಸ್ಟ್ರಾವಾ ಆ್ಯಪಿನಲ್ಲಿ ದಾಖಲಾಗದಿದ್ದರೆ ಹೋದ ಹಾಗೇ ಅಲ್ಲ. ಒಂದು ಸಲ ಅರ್ಧ ದಾರಿಯಲ್ಲಿ ಫೋನಿನ ಬ್ಯಾಟರಿ ಸತ್ತು, ಭಾವ ಎರಡು ದಿನ ಸೂತಕದ ಮನೆಯವರಂತೆ ಓಡಾಡಿಕೊಂಡಿದ್ದರು.

ಸ್ಪರ್ಧೆಗಿಳಿಯುವ ಸೈಕಲ್ 6.8 ಕಿಲೋಗಿಂತ ಹಗುರ ಇರಕೂಡದು ಅನ್ನುವುದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮ. ಆ ನಿಯಮವನ್ನು ಎಲ್ಲಿ ಮುರಿದುಬಿಡುತ್ತೇನೋ ಅನ್ನುವ ಎಚ್ಚರದಲ್ಲೇ ಭಾವ ಒಂದೊಂದು ಗ್ರಾಮನ್ನೂ ತೂಗುತ್ತಾರೆ. ಸೈಕಲ್ ಸದ್ಯ 8.4 ಕಿಲೋ ಇದೆ. ಭಾವ 86.

ಗಾಳಿಯ ತಡೆ ಕಮ್ಮಿಯಾಗಲಿ ಅಂತ ಕಾಲಿನ ಕೂದಲು ಬೋಳಿಸಿಕೊಂಡು ಬಂದಾಗ ಅಮ್ಮ ಗಾಬರಿಯಾದಳು. "ಅಳಿಯಂದ್ರೇ, ಕಾಲಿಗೇನಾಯ್ತು? ಸರ್ಪಸುತ್ತಾ?"

ಅವರ ಮನೆಯಲ್ಲಿ ಆಗಲೇ ಮೂರು ಸೈಕಲ್ ಇದ್ದವು. ಬಾಲ್ಕನಿಯಲ್ಲಿದ್ದ ತುಳಸಿ ಕುಂಡ ಅಡುಗೆಮನೆಯ ಕಿಟಕಿಗೆ ವಲಸೆ ಹೋಗಿತ್ತು. ಒಬ್ಬ ಮನುಷ್ಯನಿಗೆ ಎಷ್ಟು ಸೈಕಲ್ ಬೇಕು ಅನ್ನುವುದಕ್ಕೆ ಈ ಪಂಥದವರಲ್ಲಿ ಒಂದು ಸೂತ್ರವಿದೆ: ಎನ್ ಪ್ಲಸ್ ಒನ್. ಈಗ ಎಷ್ಟಿದೆಯೋ ಅದರ ಮೇಲೆ ಇನ್ನೊಂದು. ಆ ಇನ್ನೊಂದನ್ನು ಮನೆಯೊಳಗೆ ತರುವ ದಾರಿ ಕಾಣದೆ ಒದ್ದಾಡುತ್ತಿದ್ದಾಗಲೇ ಭಾವನಿಗೆ ಹೊಳೆದದ್ದು, ಅಕ್ಕನಿಗೂ ಆರೋಗ್ಯ ಮುಖ್ಯ ಅಂತ.

ಮೊದಲು ಅಳತೆ. ಗೋಡೆಗೆ ಬೆನ್ನು ಹಚ್ಚಿ ನಿಂತು, ತೊಡೆಗಳ ಸಂದಿಯಲ್ಲಿ ದಪ್ಪ ಪುಸ್ತಕವೊಂದನ್ನು ನೆಟ್ಟಗೆ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪು ಬಿಡಬೇಕು. ಭಾವ ಶೆಲ್ಫಿನಿಂದ ನಿಘಂಟು ಎಳೆದದ್ದೇ ತಡ, ಅಮ್ಮ ಎದ್ದು ನಿಂತಳು. "ಸರಸ್ವತಿ ಕಣ್ರೀ ಅದು! ಎಲ್ಲಿಗಿಡ್ತಿದೀರಿ?" ಭಾವ ಚಪಾತಿ ಮಣೆ ತಂದರು. ಅದು ಅನ್ನಪೂರ್ಣೆಯಂತೆ. ಕೊನೆಗೆ ಯಾವ ದೇವರ ವ್ಯಾಪ್ತಿಗೂ ಬಾರದ ಖಾಲಿ ಮೊಬೈಲ್ ಡಬ್ಬಿಯೊಂದು ಸಿಕ್ಕಿ, ಒಳಗಾಲಿನ ಅಳತೆ 74 ಸೆಂಟಿಮೀಟರ್ ಅಂತ ತೀರ್ಮಾನವಾಯಿತು. ಅದನ್ನು 0.67ರಿಂದ ಗುಣಿಸಿದರೆ ಫ್ರೇಮಿನ ಸೈಜು, 49.6. 0.883ರಿಂದ ಗುಣಿಸಿದರೆ ಎರಡು ಪೆಡಲುಗಳ ನಡುವಿನ ಅಚ್ಚಿನಿಂದ ಸೀಟಿನ ಎತ್ತರ, 65.3. ಭಾವ ಇದನ್ನೆಲ್ಲ ಎಕ್ಸೆಲ್ ಶೀಟಿಗೆ ತುಂಬಿಸಿದರು. ಹನ್ನೊಂದು ಬ್ರ್ಯಾಂಡು, ಇಪ್ಪತ್ತಾರು ಕಾಲಮ್ಮು. 'ಬಳಸುವವರ ಅಭಿಪ್ರಾಯ' ಅಂತಲೂ ಒಂದು ಕಾಲಮ್ಮಿತ್ತು. ಅದನ್ನೂ ಭಾವನೇ ತುಂಬಿದ್ದರು.

ಅಕ್ಕನಿಗೆ ಸೈಕಲ್ ಹೊಸದೇನಲ್ಲ. ತಿಪಟೂರಿನ ಕಡೆಯ ನಮ್ಮೂರಿನಿಂದ ಹೈಸ್ಕೂಲಿಗೆ ಆರು ಕಿಲೋಮೀಟರು. ಸರಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಅಕ್ಕನ ಕಾಲಕ್ಕೆ ಅದಿರಲಿಲ್ಲ. ಅಪ್ಪನ ಅಟ್ಲಾಸ್ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತವಳು, ಮುಂದೆ ಸೆಕೆಂಡ್ ಹ್ಯಾಂಡ್ ಲೇಡಿಬರ್ಡ್ ಬಂದ ಮೇಲೆ ಹಿಂದೆ ನನ್ನನ್ನು, ಮುಂದೆ ಹಾಲಿನ ಕ್ಯಾನನ್ನು ಹೇರಿಕೊಂಡು ಏರಿ ಹತ್ತಿಸುತ್ತಿದ್ದಳು. ಚೈನು ಕಳಚಿದರೆ ಲಂಗಕ್ಕೆ ಮಸಿ ತಾಗಿಸಿಕೊಳ್ಳದೆ, ಬೇಲಿಯ ಕಡ್ಡಿಯೊಂದನ್ನು ಮುರಿದು ಹಲ್ಲಿನ ಮೇಲೆ ಎತ್ತಿ ಕೂರಿಸಿ, ಪೆಡಲನ್ನು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿದರೆ ಮುಗಿಯಿತು. ಇದನ್ನು ಭಾವನಿಗೆ ಯಾರೂ ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ.

ಅಂಗಡಿಗಳ ಯಾತ್ರೆಯಲ್ಲಿ ದೃಶ್ಯ ತಿರುಗಾಮುರುಗಾ ಆಗಿತ್ತು. ಸ್ಟೂಲಿನ ಮೇಲೆ ವ್ಯಾನಿಟಿ ಬ್ಯಾಗ್ ಹಿಡಿದುಕೊಂಡು ಅಕ್ಕ. ಸೈಕಲ್ ಮೇಲೆ ಸೈಕಲ್ ಇಳಿಸಿಸುತ್ತ ಭಾವ. ಒಂದೊಂದನ್ನೂ ಎರಡು ಬೆರಳಲ್ಲಿ ಎತ್ತಿ ನೋಡುವುದು, ಬೆರಳ ಗೆಣ್ಣಿನಿಂದ ಫ್ರೇಮಿಗೆ ತೆಂಗಿನಕಾಯಿಯ ಹಾಗೆ ಕುಟ್ಟಿ ಸದ್ದು ಕೇಳುವುದು, ಹಿಂದಿನ ಚಕ್ರ ತಿರುಗಿಸಿ ಟಿಕ್‌ಟಿಕ್‌ಟಿಕ್ ಅನ್ನುವುದನ್ನು ಕಣ್ಣು ಮುಚ್ಚಿ ಆಲಿಸುವುದು.

"ನೋಡು, ಶಿಮಾನೋ ಗೇರಿನಲ್ಲಿ ದರ್ಜೆಗಳಿವೆ," ಅಂತ ಭಾವ ಪಾಠ ಶುರು ಮಾಡಿದರು. "ಕೆಳಗೆ ಕ್ಲಾರಿಸ್, ಆಮೇಲೆ ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ, ಮೇಲೆ ಡ್ಯುರಾ-ಏಸ್. ಕ್ಲಾರಿಸ್‌ಗೆ ಹಿಂದೆ ಎಂಟು ಹಲ್ಲುಗಾಲಿ. ಈಗಿನ 105ಕ್ಕೆ ಹನ್ನೆರಡು."

"ಅಂದ್ರೆ ಕೆಂಪು ಬಸ್ಸು, ರಾಜಹಂಸ, ಐರಾವತ ಇದ್ದ ಹಾಗೆ."

"ಕರೆಕ್ಟ್!"

"ಹೋಗೋ ಊರು ಒಂದೇ ಅಲ್ವೇನ್ರಿ?"

ಭಾವ ಪಾಠ ನಿಲ್ಲಿಸಲಿಲ್ಲ. ಕ್ಲಿಪ್‌ಲೆಸ್ ಪೆಡಲ್ ಬಂತು. ಅದಕ್ಕೆ ಬೇರೆಯೇ ಶೂ, ಶೂ ತಳದಲ್ಲಿ ಕ್ಲೀಟು, ಅದು ಪೆಡಲಿಗೆ ಟಕ್ಕಂತ ಸಿಕ್ಕಿಕೊಳ್ಳುತ್ತದೆ. "ಸಿಕ್ಕಿಕೊಳ್ಳೋದಕ್ಕೆ ಕ್ಲಿಪ್‌ಲೆಸ್ ಅಂತ ಯಾಕೆ ಹೆಸರು?" ಅಂತ ಅಕ್ಕ ಕೇಳಿದಳು. ಹಳೆಯ ಪೆಡಲುಗಳಲ್ಲಿ ಕಾಲ್ಬೆರಳಿಗೆ ಪಂಜರದಂಥ ಕ್ಲಿಪ್ಪಿತ್ತು, ಅದು ಇಲ್ಲದ್ದಕ್ಕೆ ಈ ಹೆಸರು ಅಂತ ಭಾವ ಹದಿಮೂರು ನಿಮಿಷ ವಿವರಿಸಿದರು. ಅಷ್ಟರಲ್ಲಿ ಅಂಗಡಿಯ ಹುಡುಗ ಕಾಫಿ ತಂದುಕೊಟ್ಟ. ಸೈಕಲ್ ಅಂಗಡಿಯಲ್ಲಿ ಕಾಫಿ ಕೊಡುವುದು ಇತ್ತೀಚಿನ ಸಂಪ್ರದಾಯ. ಬೆಲೆ ಕೇಳಿದವರಿಗೆ ಅದರ ಅಗತ್ಯ ಬೀಳುತ್ತದೆ.

ಆರನೇ ಶನಿವಾರ ಭಾವ ಮನಸ್ಸು ಗಟ್ಟಿ ಮಾಡಿಕೊಂಡರು. ಕಾರ್ಬನ್ ಫ್ರೇಮು, 105 ಗೇರು, ಎರಡು ಲಕ್ಷಕ್ಕೆ ಮೇಲೆ, ಹೊಳೆಯದ ಕಪ್ಪು ಬಣ್ಣ. ಆ ಮಾಡೆಲ್ಲಿನಲ್ಲಿ ಇದ್ದದ್ದು 54ರ ಸೈಜು ಒಂದೇ. "ಸೀಟು ಇಳಿಸಿದರಾಯ್ತು, ಸ್ಟೆಮ್ ಗಿಡ್ಡದು ಹಾಕಿದರಾಯ್ತು" ಅಂದರು. ಡಬ್ಬಿ ಇಟ್ಟು ಅಳೆದ 49.6 ಅಂಗಡಿಯಲ್ಲಿ 54 ಆಗಿತ್ತು. ಭಾವನ ಮೂರು ಸೈಕಲ್ಲುಗಳೂ 54 ಅನ್ನುವುದನ್ನು ನಾನು ಆ ಹೊತ್ತಿನಲ್ಲಿ ಎತ್ತಲಿಲ್ಲ.

ಏಳನೇ ಶನಿವಾರ ಅಡ್ವಾನ್ಸ್ ಕೊಡುವುದಷ್ಟೇ ಬಾಕಿ. ಆಗ ಆ ಅಂಗಡಿಯ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರರವನು, ಕೈಯಲ್ಲಿದ್ದ ಗ್ರೀಸು ಒರೆಸಿಕೊಳ್ಳುತ್ತ ಬಂದು ಸ್ಟೂಲಿನ ಕಡೆ ತಿರುಗಿ ಕೇಳಿದ: "ಮೇಡಂ, ನೀವು ಎಲ್ಲಿಗೆ ಓಡಿಸ್ತೀರಾ?"

ಇಪ್ಪತ್ತಾರು ಕಾಲಮ್ಮಿನಲ್ಲಿ ಈ ಪ್ರಶ್ನೆ ಇರಲಿಲ್ಲ.

"ತುರಹಳ್ಳಿ ತನಕ," ಅಂದಳು ಅಕ್ಕ. "ಬರ್ತಾ ಸೊಪ್ಪು ತರಬೇಕು. ಕ್ಯಾರಿಯರ್ ಹಾಕಬಹುದಾ?"

ರೋಡ್ ಬೈಕಿಗೆ ಕ್ಯಾರಿಯರ್! ಗರ್ಭಗುಡಿಯಲ್ಲಿ ಸ್ಕೂಟರ್ ನಿಲ್ಲಿಸಬಹುದಾ ಅಂತ ಕೇಳಿದ್ದರೂ ಭಾವನ ಮುಖ ಹಾಗಾಗುತ್ತಿರಲಿಲ್ಲ. ಹುಡುಗ ಮಾತ್ರ ತಲೆಯಾಡಿಸಿ ಒಳಗೆ ಹೋಗಿ, ಮೂಲೆಯಿಂದ ಒಂದು ಹಸಿರು ಸೈಕಲ್ ತಳ್ಳಿಕೊಂಡು ಬಂದ. ಅಲ್ಯೂಮಿನಿಯಂ ಫ್ರೇಮು, ಕ್ಲಾರಿಸ್ ಗೇರು, 32 ಮಿಲಿಮೀಟರಿನ ದಪ್ಪ ಟೈರು, ಕ್ಯಾರಿಯರ್ ಬಿಗಿಯಲು ಹಿಂದೆ ಸ್ಕ್ರೂ ತೂತುಗಳು. ತೂಕ ಹತ್ತು ಕಿಲೋ ಚಿಲ್ಲರೆ.

ಅಕ್ಕ ಬ್ಯಾಗನ್ನು ನನ್ನ ಕೈಗಿತ್ತು ಹತ್ತಿದಳು. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲಿನ ಮೇಲುಗಡೆ ಕೈಯಿಟ್ಟು ಬ್ರೇಕಿನತ್ತ ಬೆರಳು ಚಾಚಿದಳು. ತೋರುಬೆರಳಿನ ತುದಿ ಮಾತ್ರ ತಾಗಿತು. "ಸಿಗ್ತಾ ಇಲ್ಲ" ಅಂದಳು. ಹುಡುಗ ಜೇಬಿನಿಂದ ಸಣ್ಣ ಅಲೆನ್ ಕೀ ತೆಗೆದು, ಬ್ರೇಕ್ ಹಿಡಿಯ ಪಕ್ಕದಲ್ಲಿ ಕಣ್ಣಿಗೂ ಕಾಣದಂತಿದ್ದ ಸ್ಕ್ರೂ ಒಂದನ್ನು ಎರಡು ಸುತ್ತು ತಿರುಗಿಸಿದ. ಹಿಡಿ ಒಂದು ಬೆರಳಷ್ಟು ಒಳಕ್ಕೆ ಬಂತು. ಅಕ್ಕ ಮತ್ತೆ ಚಾಚಿದಳು. ಎರಡು ಬೆರಳೂ ಪೂರ್ತಿ ಬಳಸಿ ಹಿಡಿದವು. ಇಷ್ಟು ವರ್ಷ ಸೈಕಲ್ ಬಿಚ್ಚಿ ಕಟ್ಟಿದ ಭಾವ ಬಗ್ಗಿ ಆ ಸ್ಕ್ರೂ ನೋಡಿದರು. ಅವರಿಗೆ ಅದರ ಅಗತ್ಯ ಬಿದ್ದೇ ಇರಲಿಲ್ಲ. ಅವರ ಕೈ ದೊಡ್ಡದು.

ಅಕ್ಕ ಅಂಗಡಿಯ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹೋದಳು. ಎರಡು ನಿಮಿಷಕ್ಕೆ ಬರಬೇಕಾದವಳು ಹನ್ನೆರಡು ನಿಮಿಷವಾದರೂ ಇಲ್ಲ. ಭಾವ ಎರಡು ಸಲ ಫೋನ್ ಮಾಡಿದರು. ಅದು ನನ್ನ ಕೈಯಲ್ಲಿದ್ದ ಬ್ಯಾಗಿನಲ್ಲಿ ಹೊಡೆದುಕೊಂಡಿತು. ಬಂದವಳ ಮುಖ ಕೆಂಪಗಾಗಿತ್ತು.

"ಆದ್ರೆ 105..." ಅಂತ ಭಾವ ಬಾಯಿ ತೆರೆದರು.

"ರೀ, ಎಲ್ಲ ಒಂದೇ ಥರ ಇದೆ. ಇದನ್ನೇ ತಗೊಂಡುಬಿಡೋಣ."

ಭಾವ ಸೋತರು ಅನ್ನಬೇಡಿ, ಶೂ ವಿಷಯದಲ್ಲಿ ಗೆದ್ದರು. ಕ್ಲಿಪ್‌ಲೆಸ್ ಪೆಡಲ್ ಇಲ್ಲದೆ ರೋಡ್ ಬೈಕ್ ಓಡಿಸುವುದು ಆ ಸೈಕಲ್ಲಿಗೇ ಅವಮಾನ ಅಂತ ಹಟ ಹಿಡಿದು, ಅದೇ ದಿನ ಬಿಲ್ಲಿಗೆ ಸೇರಿಸಿದರು. ಎರಡನೇ ಬೆಳಿಗ್ಗೆಯೇ ಬನಶಂಕರಿಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದು, ಅಕ್ಕ ನಿಂತಳು, ಕಾಲು ಬಿಡಿಸಿಕೊಳ್ಳಲಿಲ್ಲ. ಗೊನೆ ಭಾರಕ್ಕೆ ಬಾಳೆಗಿಡ ವಾಲುವ ಹಾಗೆ, ಯಾವ ಅವಸರವೂ ಇಲ್ಲದೆ, ಎಡಕ್ಕೆ ಒರಗಿದಳಂತೆ. ಸೊಪ್ಪಿನ ಗಾಡಿಯ ಅಜ್ಜಿ ಎಬ್ಬಿಸಿದಳು. ಅಕ್ಕ ಮೊಣಕೈ ತರಚಿಸಿಕೊಂಡು, ಎರಡು ಕಟ್ಟು ದಂಟು ತಗೊಂಡು, ಮನೆಗೆ ಬಂದವಳೇ ಮಾಮೂಲಿ ಪೆಡಲ್ ಹಾಕಿಸಿಕೊಂಡಳು.

ಈಗ ಆರು ತಿಂಗಳಾಯಿತು. ಅಕ್ಕ ವಾರಕ್ಕೆ ನಾಲ್ಕು ದಿನ ಹೋಗುತ್ತಾಳೆ, ಬಾಟಾ ಚಪ್ಪಲಿಯಲ್ಲೇ. ಸ್ಟ್ರಾವಾ ಹಾಕಿಕೊಂಡಿಲ್ಲ, ಎಷ್ಟು ಕಿಲೋಮೀಟರ್ ಆಯಿತು ಅಂತ ಭಾವ ಕೇಳಿದರೆ "ಇವತ್ತು ಸಬ್ಬಸಿಗೆ ಸಿಕ್ತು" ಅನ್ನುತ್ತಾಳೆ.

ಅಂದಹಾಗೆ, ಮಾರಾಟಕ್ಕಿದೆ: ಹೆಂಗಸರ ಕ್ಲಿಪ್‌ಲೆಸ್ ಶೂ ಒಂದು ಜೊತೆ, 37ರ ಸೈಜು, ಪೆಡಲ್ ಸಮೇತ. ಎರಡೇ ಸಲ ಹಾಕಿದ್ದು. ಎಡಗಾಲಿನದಕ್ಕೆ ಮಾತ್ರ ಹೊರಬದಿಯಲ್ಲಿ ಒಂದು ಗೀರಿದೆ. ಬೇಕಾದವರು ದಯವಿಟ್ಟು ಭಾವನನ್ನು ಕೇಳಬೇಡಿ, ಕ್ಲೀಟಿನ ಇತಿಹಾಸ ಶುರುವಾಗುತ್ತದೆ. ನನಗೇ ತಿಳಿಸಿ.