ಬಾರ್ಲಿ ನೀರಿಗೆ ಬಗ್ಗದ ಉರಿ

"ಅಕ್ಕಾ, ಮತ್ತೆ ಉರಿಮೂತ್ರವಾ? ಹೋದ ತಿಂಗಳು ತಾನೇ ಮಾತ್ರೆ ಮುಗಿಸಿದ್ರಿ!"

"ಹೂಂ ಕಣೇ. ಬಾರ್ಲಿ ನೀರು ಕುಡಿದೂ ಕುಡಿದೂ ಸಾಕಾಯ್ತು. ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ತರಿಸೋಣ ಅಂತಿದ್ದೆ."

"ಬೇಡಿ ಅಕ್ಕಾ. ಆ್ಯಂಟಿಬಯಾಟಿಕ್ ಹಾಗೆಲ್ಲ ನುಂಗಬಾರದು. ಮೊದಲು ಯೂರಿನ್ ಕಲ್ಚರ್ ಮಾಡಿಸಿ. ಆಮೇಲೆ ಲೇಡಿ ಡಾಕ್ಟರನ್ನ ಕೇಳಿ, ಇದು ಮುಟ್ಟು ನಿಂತಿದ್ದರಿಂದ ಆಗ್ತಿದೆಯಾ ಅಂತ."

"ಮುಟ್ಟು ನಿಂತು ಎಷ್ಟು ವರ್ಷ ಆಯ್ತು! ಅದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ?"

"ಸಂಬಂಧ ಇದೆ ಅಕ್ಕಾ. ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಬಸಿರು ಬಾಣಂತನಕ್ಕೆ ಅಂತ ಅಷ್ಟೇ ನಮಗೆ ಗೊತ್ತು. ರೋಗದ ಜೊತೆ ಹೋರಾಡೋ ಬಿಳಿ ರಕ್ತಕಣಗಳೂ ಅದರ ಮಾತು ಕೇಳ್ತವೆ. ಅದು ಇದ್ದಾಗ ಯೋನಿಯ ಒಳಪದರ ದಪ್ಪಗೆ, ಗ್ಲೈಕೋಜನ್ ತುಂಬಿಕೊಂಡಿರುತ್ತೆ. ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಒಳ್ಳೇ ಬ್ಯಾಕ್ಟೀರಿಯಾ, ಹಾಲು ಹೆಪ್ಪುಗಟ್ಟಿಸೋದರ ಬಳಗದ್ದೇ, ಅದರ ಮೇಲೆ ಬದುಕಿ ಅಲ್ಲಿ ಹುಳಿ ಇರೋ ಹಾಗೆ ನೋಡ್ಕೊಳ್ಳುತ್ತೆ. ಕರುಳಿನ ಕಡೆಯಿಂದ ಬರೋ ಇ. ಕೋಲೈಗೆ ಆ ಹುಳಿ ಒಗ್ಗಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಪದರ ತೆಳುವಾಗುತ್ತೆ, ಹುಳಿ ಕಮ್ಮಿಯಾಗುತ್ತೆ, ಕ್ರಿಮಿಗೆ ದಾರಿ ಸಲೀಸು. ಅದಕ್ಕೇ ಈಸ್ಟ್ರೋಜನ್ ಕ್ರೀಮು ಹಚ್ಚಬಹುದಾ ಅಂತ ಡಾಕ್ಟರನ್ನ ಕೇಳಿ."

"ಆ ಹಾರ್ಮೋನ್ ತಗೊಂಡ್ರೆ ಕ್ಯಾನ್ಸರ್ ಬರುತ್ತೆ ಅಂತಾರಲ್ಲೇ?"

"2002ರಲ್ಲಿ ಅಮೆರಿಕದಲ್ಲಿ ದೊಡ್ಡದೊಂದು ಪರೀಕ್ಷೆ ಅರ್ಧಕ್ಕೇ ನಿಲ್ಲಿಸಿದ್ರು, ಆಗಿನಿಂದ ಆ ಹೆದರಿಕೆ. ಅದರಲ್ಲಿ ಕೊಟ್ಟಿದ್ದು ಎರಡು ಹಾರ್ಮೋನ್ ಸೇರಿಸಿ ನುಂಗೋ ಮಾತ್ರೆ. ನಾನು ಹೇಳ್ತಿರೋದು ಆ ಜಾಗಕ್ಕಷ್ಟೇ ಹಚ್ಚೋ ಕ್ರೀಮು, ರಕ್ತಕ್ಕೆ ಸೇರೋದು ತೀರಾ ಕಮ್ಮಿ. 1993ರಲ್ಲಿ ನಿಮ್ಮ ಹಾಗೇ ಪದೇ ಪದೇ ನರಳ್ತಿದ್ದ 93 ಹೆಂಗಸರಿಗೆ ಹಚ್ಚಿ ನೋಡಿದ್ರು. ಔಷಧಿ ಇಲ್ಲದ ಕ್ರೀಮು ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಸೋಂಕು. ಈಸ್ಟ್ರೋಜನ್ ಇದ್ದವರಿಗೆ 0.5, ಅಂದ್ರೆ ಎರಡು ವರ್ಷಕ್ಕೊಂದು! ಒಂದೇ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆ ಒಳ್ಳೇ ಬ್ಯಾಕ್ಟೀರಿಯಾ ವಾಪಸ್ ಬಂದಿತ್ತಂತೆ. ಇಷ್ಟು ವರ್ಷ ಆದ್ರೂ ನಮ್ಮ ಹೆಂಗಸರಿಗೆ ಇದನ್ನ ಯಾರೂ ಹೇಳಲ್ಲ ಅನ್ನೋದೇ ನನಗೆ ಸಂಕಟ."

"ನನ್ನ ತಂಗಿಗೂ ಹೇಳಲಾ? ಅವಳಿಗೆ ಲೂಪಸ್ ಇದೆ."

"ಅವರು ತಮ್ಮ ಡಾಕ್ಟರನ್ನೇ ಕೇಳಲಿ. ಲೂಪಸ್‌ನಲ್ಲಿ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿ ಬಿದ್ದಿರುತ್ತೆ. ಹಾರ್ಮೋನ್ ಮಾತ್ರೆ ನುಂಗಿದವರಲ್ಲಿ ಅದು ಸ್ವಲ್ಪ ಕೆರಳಿದ್ದೂ ಉಂಟು. ಸ್ತನ ಕ್ಯಾನ್ಸರ್ ಆಗಿದ್ದವರೂ ಡಾಕ್ಟರಿಗೆ ಅದನ್ನ ಮೊದಲೇ ಹೇಳ್ಬೇಕು. ಅದಿರಲಿ, ನಿಮಗೆ ಜ್ವರ, ಚಳಿ, ಬೆನ್ನು ನೋವು ಏನಾದ್ರೂ ಇದೆಯಾ? ಇದ್ರೆ ಈಗಲೇ ಹೊರಡೋಣ."

"ಇಲ್ಲ ಕಣೇ."

"ಹಾಗಿದ್ರೆ ನಾಳೆ ಬೆಳಗ್ಗೆ ಲ್ಯಾಬಿಗೆ ನಾನೂ ಬರ್ತೀನಿ. ಮೊದಲ ಧಾರೆ ಬಿಟ್ಟು ನಡುವಿನದನ್ನ ಡಬ್ಬಿಗೆ ಹಿಡೀಬೇಕು, ನೆನಪಿರಲಿ."